ತುದಿ ಮೊಂಡು, ನಡು ಹರಿತ

ಮಗಳು ತಾನು ಕೊಂಡಿದ್ದ ಹಳೇ ಸ್ನೋಬೋರ್ಡನ್ನು ತಂದು ಅಡುಗೆಮನೆಯ ನೆಲದ ಮೇಲೆ ಬೋರಲು ಹಾಕಿದಳು. ಎಲ್ಲರೂ ಅದರ ಬಣ್ಣ ನೋಡುತ್ತಾರೆ. ನಾನು ಅಂಚು ನೋಡಿದೆ. ಹಲಗೆಯ ಸುತ್ತ ಅಕ್ಕಿಕಾಳಿನ ದಪ್ಪದ ಉಕ್ಕಿನ ಪಟ್ಟಿ. ಅರ್ಧಕ್ಕರ್ಧ ತುಕ್ಕು. ಎರಡು ಕಡೆ ಕಲ್ಲಿಗೆ ಬಡಿದ ಗಾಯ. ಉಳಿದದ್ದು ಸವೆದು ದುಂಡಗಾಗಿತ್ತು. ಹೆಬ್ಬೆರಳ ಉಗುರನ್ನು ಅದರ ಮೇಲೆ ಅಡ್ಡಲಾಗಿ ಎಳೆದೆ. ಅಂಚು ಹರಿತವಿದ್ದರೆ ಉಗುರನ್ನು ಹೆರೆದು ಬಿಳಿ ಪುಡಿ ತೆಗೆಯಬೇಕು. ಇದು ಸಾಬೂನಿನ ಮೇಲೆ ಎಳೆದಂತೆ ಜಾರಿತು.

“ಅಂಗಡಿಯಾವ ಇದು ಮುಗದೈತಿ ಅಂದ್ನವ್ವಾ,” ಅಂದಳು ಮಗಳು. “ಮಷಿನ್‌ಗೆ ಕೊಟ್ಟು ಹರಿತ ಮಾಡಾಕ ಉಕ್ಕ ಉಳದಿಲ್ಲಂತ. ಹೊಸಾದು ತಗೋ ಅಂದ.”

“ಮಾರಾವ ಮತ್ತೇನ ಅಂತಾನ? ಹಳೇದರಾಗ ಆಡು ಅಂತಾನೇನು?”

ಇದು ಎರಡು ಸಾವಿರದ ಆರೋ ಏಳೋ ಇಸವಿಯ ಮಾತು. ಊರು ಲಿಂಕೋಪಿಂಗ್, ಹಿಮ ಬೀಳುವ ದೂರದೇಶದ್ದು. ಮಗಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅಳಿಯ ಬೆಂಗಳೂರಿನವರು, ಕಂಪನಿಯೊಂದರಲ್ಲಿ ಇಂಜಿನಿಯರು. ನಾನು ಮೂರು ತಿಂಗಳ ವೀಸಾದ ಮೇಲೆ ಚಳಿಗಾಲದಲ್ಲೇ ಹೋಗಿದ್ದೆ. ಬೇಸಿಗೆಯಲ್ಲಿ ಬಾ ಎಂದಿದ್ದರು. ಬೇಸಿಗೆ ನಮ್ಮಲ್ಲೇ ಸಾಕಷ್ಟಿದೆ.

ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಗುಡ್ಡದಿಂದ ಜಾರಿ ಇಳಿಯುವುದು ಈ ಆಟ. ಮಗಳು ಮೂವತ್ತು ದಾಟಿದ ಮೇಲೆ ಕಲಿತದ್ದು. ಊರ ಹೊರಗಿನ ಸಣ್ಣ ಗುಡ್ಡದಲ್ಲಿ ಒಂದು ಕ್ಲಬ್ಬು ಇದನ್ನು ನಡೆಸುತ್ತದೆ. ಹೊರದೇಶಗಳಿಂದ ಬಂದು ಹಿಮವನ್ನು ಕಿಟಕಿಯಿಂದಷ್ಟೇ ನೋಡುವ ಹೆಂಗಸರಿಗೆ ಬುಧವಾರ ಬುಧವಾರ ಹೇಳಿಕೊಡುತ್ತೇನೆಂದು ಮಗಳು ಎಂಟು ಜನರ ಹೆಸರು ಬರೆಸಿದ್ದಳು. ಆದರೆ ಹೇಳಿಕೊಡುವವರು ಮೊದಲು ಕ್ಲಬ್ಬಿನ ಪರೀಕ್ಷೆ ಪಾಸಾಗಬೇಕು. ಹಿಂದಿನ ವರ್ಷ ಅವಳು ಗುಡ್ಡದ ನಡುವಿನ ಕಡಿದಾದ ಜಾಗದಲ್ಲಿ ಜಾರಿ ನಪಾಸಾಗಿದ್ದಳು. ಅಲ್ಲಿ ಇರುವುದು ಹಿಮವಲ್ಲ, ಮಂಜುಗಡ್ಡೆ. ಈ ಸಲವೂ ಬಿದ್ದರೆ ಆ ಎಂಟು ಜನರ ತರಗತಿ ರದ್ದು ಎಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಪರೀಕ್ಷೆಗೆ ಹನ್ನೆರಡು ದಿನ ಇತ್ತು.

“ಇಲ್ಲೇ ಬಿಟ್ಟ ಹೋಗು,” ಅಂದೆ. “ನಾ ನೋಡ್ತೀನಿ.”

“ಇದು ಗರಗಸ ಅಲ್ಲವ್ವಾ.”

“ಉಕ್ಕ ಹೌದಲ್ಲ?”

ಹುಬ್ಬಳ್ಳಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಮೂವತ್ತು ವರ್ಷ ಗರಗಸಗಳಿಗೆ ಅರ ಹಾಕಿ ಹಲ್ಲು ಹರಿತ ಮಾಡಿದವಳು ನಾನು. ಗಂಡನ ಕಣ್ಣು ಮಂಜಾದ ಮೇಲೆ ಆ ಕೆಲಸ ನನ್ನ ಕೈಗೆ ಬಂತು. ಅದಕ್ಕಿಂತ ಹೆಚ್ಚು ಹೇಳುವುದೇನಿಲ್ಲ. ನನ್ನ ಅರ ಆ ಮನೆಯಲ್ಲೇ ಇತ್ತು. ಮಗಳ ಚಾಕು ಬದನೆಕಾಯಿಯನ್ನು ಹೆಚ್ಚುವುದಿಲ್ಲ, ಜಜ್ಜುತ್ತದೆ ಎಂದು ಫೋನಿನಲ್ಲೇ ಗೊತ್ತಾಗಿತ್ತು. ಹಾಗಾಗಿ ಚಟ್ನಿಪುಡಿಯ ಡಬ್ಬಿಗಳ ನಡುವೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಎರಡು ಅರ, ಒಂದು ನುಣುಪು ಕಲ್ಲು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದೆ.

ಮೊದಲು ಅಡುಗೆಮನೆಯಲ್ಲೇ ಶುರು ಮಾಡಿದೆ. ಕಾಲು ಬಿಗಿಯುವ ಪಟ್ಟಿಗಳನ್ನು ಮಗಳು ಬಿಚ್ಚಿಕೊಟ್ಟಳು. ಎರಡು ಕುರ್ಚಿಯ ಮೇಲೆ ಬೋರ್ಡನ್ನು ಅಡ್ಡ ಇಟ್ಟು ಮೊಣಕಾಲಿನಿಂದ ಒತ್ತಿ ಹಿಡಿದೆ. ಹತ್ತು ಸಲ ಅರ ತಳ್ಳುವುದರಲ್ಲಿ ಅಳಿಯ ಬಂದರು.

“ಅತ್ತೆ, ಏನಿದು? ದೋಸೆ ಹಿಟ್ಟಿನ ಪಕ್ಕದಲ್ಲಿ ಕಬ್ಬಿಣದ ಪುಡಿ!”

“ನಿಮ್ಮ ರಕ್ತದಾಗ ಕಬ್ಬಿಣ ಕಡಿಮಿ ಐತಿ ಅಂತ ಡಾಕ್ಟರ ಹೇಳ್ಯಾನಲ್ಲ, ಅಳ್ಯಾರ.”

ಅವರು ನಗಲಿಲ್ಲ. ಬಾಲ್ಕನಿಗೆ ಹೋದೆ. ಅಲ್ಲಿ ಉಕ್ಕು ಬೆರಳಿಗೆ ಅಂಟಿಕೊಳ್ಳುವಷ್ಟು ಚಳಿ, ಕೈ ಮರಗಟ್ಟಿದರೆ ಅರ ಓರೆಯಾಗುತ್ತದೆ. ಕೊನೆಗೆ ಉಳಿದದ್ದು ನೆಲಮಾಳಿಗೆ. ಅಲ್ಲಿ ಮನೆಗೊಂದು ಜಾಲರಿಯ ಗೂಡು. ಜನ ಸೂಟ್‌ಕೇಸು, ಸೈಕಲ್ಲು ಇಟ್ಟು ಬೀಗ ಹಾಕುತ್ತಾರೆ. ದೀಪದ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತದೆ. ಎಣಿಸಿದೆ. ನಲವತ್ತು ಸಲ ಅರ ತಳ್ಳಿದರೆ ಕತ್ತಲು. ಎದ್ದು ಗುಂಡಿ ಒತ್ತು, ಮತ್ತೆ ನಲವತ್ತು. ಬೇಸರವಾಗಲಿಲ್ಲ, ಲೆಕ್ಕ ಇಡಲು ಅನುಕೂಲವಾಯಿತು. ಎಡಬದಿಗೆ ಎಷ್ಟು ದೀಪವೋ ಬಲಬದಿಗೂ ಅಷ್ಟೇ ದೀಪ.

ಕೆಲಸ ಹೀಗೆ. ಕಲ್ಲಿಗೆ ಬಡಿದ ಜಾಗದಲ್ಲಿ ಉಕ್ಕು ಕಾದು ಗಡಸಾಗಿರುತ್ತದೆ. ಅಲ್ಲಿಗೆ ನೇರ ಅರ ಹಾಕಿದರೆ ಅರ ಕಿರುಚಿ ಜಾರುತ್ತದೆ, ಅದರ ಹಲ್ಲೇ ಹಾಳಾಗುತ್ತದೆ. ಮೊದಲು ಕಲ್ಲನ್ನು ನೀರಿನಲ್ಲಿ ಅದ್ದಿ ಆ ಗಾಯವನ್ನು ತಿಕ್ಕಿ ಪಳಗಿಸಬೇಕು. ಆಮೇಲೆ ಮಗಳ ಕಪ್ಪು ಮಾರ್ಕರ್ ಪೆನ್ನಿನಿಂದ ಅಂಚಿಗೆಲ್ಲ ಬಣ್ಣ ಬಳಿದೆ. ಊರಿನಲ್ಲಾದರೆ ದೀಪದ ಕಾಡಿಗೆ ಬಳಿಯುತ್ತಿದ್ದೆ. ಅರ ಎಲ್ಲಿ ತಾಗಿತೋ ಅಲ್ಲಿ ಕಪ್ಪು ಹೋಗುತ್ತದೆ, ಎಲ್ಲಿ ತಾಗಲಿಲ್ಲವೋ ಅಲ್ಲಿ ಉಳಿಯುತ್ತದೆ. ಕಣ್ಣು ಸುಳ್ಳು ಹೇಳಬಹುದು, ಕಪ್ಪು ಹೇಳುವುದಿಲ್ಲ. ಅರವನ್ನು ಮುಂದಕ್ಕಷ್ಟೇ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಐದಾರು ಸಲಕ್ಕೊಮ್ಮೆ ತಂತಿಯ ಬ್ರಷ್‌ನಿಂದ ಅರದ ಹಲ್ಲು ತಿಕ್ಕಿ ಪುಡಿ ತೆಗೆಯಬೇಕು. ತೆಗೆಯದಿದ್ದರೆ ಅದೇ ಪುಡಿ ಅಂಚಿಗೆ ಗೀರು ಹಾಕುತ್ತದೆ.

ಮೂರನೆಯ ದಿನ ನಮ್ಮ ಗೂಡಿನ ಜಾಲರಿಗೆ ಪಕ್ಕದ ಗೂಡಿನವರು ಒಂದು ಚೀಟಿ ಅಂಟಿಸಿದ್ದರು. ಆ ದೇಶದಲ್ಲಿ ನೆರೆಯವರು ಬಂದು ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ಮಗಳು ಓದಿದಳು. “ಇದು ಸಾಮಾನು ಇಡೋ ಜಾಗ, ಕಾರ್ಖಾನಿ ಅಲ್ಲ ಅಂತ ಬರದಾರ.”

“ಕೆಳಗ ಬರಿ,” ಅಂದೆ. “ನನ್ನ ಪುಡಿ ನಾ ದಿನಾ ಬಳೀತೀನಿ. ನಿಮ್ಮ ಸೈಕಲ್ಲಿನ ರಾಡಿ ಯಾರ ಬಳೀತಾರ?”

“ಯವ್ವಾ, ಹಂಗೆಲ್ಲಾ ಬರಿಯಾಕ ಬರಂಗಿಲ್ಲ.”

“ಯಾಕ, ಅವರ ಭಾಷಾದಾಗ ರಾಡಿಗೆ ಮಾತಿಲ್ಲೇನು?”

ಅವಳು ಬರೆಯಲಿಲ್ಲ. ನಾನು ನಿಲ್ಲಿಸಲೂ ಇಲ್ಲ. ಮಾರನೆಯ ದಿನ ನನ್ನ ಪುಡಿಯ ಜೊತೆಗೆ ಅವರ ರಾಡಿಯನ್ನೂ ಬಳಿದು, ಅವರ ಗೂಡಿನ ಬಾಗಿಲ ಮುಂದೆಯೇ ಗುಡ್ಡೆ ಮಾಡಿ ಬಂದೆ. ಆಮೇಲೆ ಚೀಟಿ ಬರಲಿಲ್ಲ.

ಐದನೆಯ ದಿನಕ್ಕೆ ಅಂಚು ತಯಾರಾಯಿತು. ಅಡಿಯ ಕಡೆ ಹಲಗೆಗೆ ಸಮವಾಗಿ ಕೂರಿಸಿದ್ದೆ, ಮಗ್ಗುಲನ್ನು ಒಳಕ್ಕೆ ತುಸು ಓರೆ ಮಾಡಿದ್ದೆ. ಮುಂದಿನ ತುದಿಯ ಮೂಗಿನಿಂದ ಹಿಂದಿನ ತುದಿಯ ಬಾಲದವರೆಗೆ ಒಂದು ಬೆರಳಗಲವೂ ಬಿಡದೆ ಹರಿತ ಮಾಡಿದ್ದೆ. ಎಲ್ಲಿ ಉಗುರಿಟ್ಟರೂ ಹೆರೆಯುತ್ತಿತ್ತು. ಗರಗಸದ ಕೊನೆಯ ಹಲ್ಲನ್ನು ಮೊಂಡು ಬಿಟ್ಟರೆ ಅಡ್ಡೆಯಲ್ಲಿ ಬೈಗುಳ ಕೇಳಬೇಕಿತ್ತು. ಹಾಗಾಗಿ ತುದಿಗೆ ನಾನು ಯಾವಾಗಲೂ ಎರಡು ಕೈ ಹೆಚ್ಚೇ ಹಾಕುತ್ತೇನೆ. ಇಲ್ಲೂ ಹಾಕಿದೆ. ಆಮೇಲೆ ಹಳೆಯ ಇಸ್ತ್ರಿಪೆಟ್ಟಿಗೆಯಿಂದ ಹಲಗೆಯ ಅಡಿಗೆ, ಜಾರಲೆಂದು, ಮೇಣ ಕರಗಿಸಿ ಹಚ್ಚಿ, ಆರಿದ ಮೇಲೆ ಹೆರೆದು, ಹಳೇ ಬನಿಯನ್ನಿನಿಂದ ಉಜ್ಜಿದೆ.

ಭಾನುವಾರ ಮೂವರೂ ಗುಡ್ಡಕ್ಕೆ ಹೋದೆವು. ನಾನು ಸೀರೆಯ ಮೇಲೆ ಅಳಿಯನ ಕೋಟು, ಕಾಲಿಗೆ ಮಗಳ ಬೂಟು ಹಾಕಿಕೊಂಡು ಕೆಳಗೆ ನಿಂತೆ. ಮಗಳು ಗುಡ್ಡದ ಮೇಲಕ್ಕೆ ಎಳೆಯುವ ಯಂತ್ರದ ಹಗ್ಗ ಹಿಡಿದು ಹೋದಳು, ತಿರುಗಿದಳು, ಹೊರಟಳು. ಮೊದಲ ತಿರುವು ಬಂತು. ಬೋರ್ಡು ತಿರುಗಲಿಲ್ಲ. ಮೂಗು ಹಿಮವನ್ನು ಕಚ್ಚಿತು, ಹಲಗೆ ನಿಂತಿತು, ಮಗಳು ನಿಲ್ಲಲಿಲ್ಲ. ಬೆನ್ನ ಮೇಲೆ ಬಿದ್ದ ಸದ್ದು ಕೆಳಗಿದ್ದ ನನಗೂ ಕೇಳಿಸಿತು.

ಎದ್ದಳು, ಮತ್ತೆ ಹೊರಟಳು, ಮತ್ತೆ ಅದೇ. ಮೂರನೆಯ ಸಲ ಕೈ ಊರಿ ಮಣಿಕಟ್ಟು ಉಳುಕಿತು. ಕೆಂಪು ಕೋಟಿನ ಒಬ್ಬ ಜಾರಿಕೊಂಡು ಬಂದು ಅವಳನ್ನು ಎಬ್ಬಿಸಿ ಕೆಳಗೆ ನಮ್ಮ ಹತ್ತಿರ ಕರೆತಂದ. ಪರೀಕ್ಷೆ ಮಾಡುವವನು ಅವನೇ ಎಂದು ಅಳಿಯ ಹೇಳಿದರು. ಅವನು ಬೋರ್ಡಿನ ಅಂಚನ್ನು ಮುಟ್ಟಿ ಬೆರಳು ಹಿಂದೆಗೆದ. ಏನೋ ಹೇಳಿದ. ಮಗಳು ತಲೆ ತಗ್ಗಿಸಿದಳು.

“ಏನಂದ?” ಅಂತ ಕೇಳಿದೆ.

ಮಗಳು ಬಗ್ಗಿ ಕೋಟಿನ ಹಿಮ ಕೊಡವತೊಡಗಿದಳು. ಅಳಿಯ ಉತ್ತರ ಕೊಟ್ಟರು. “ಇದು ಬೋರ್ಡಲ್ಲ, ಚಾಕು ಅಂದ. ಮತ್ತೆ... ಹಿಮದ ಮೇಲೆ ನಿಲ್ಲೋದು ಚಿಕ್ಕ ವಯಸ್ಸಿನಿಂದ ಬರಬೇಕು, ಎಲ್ಲರಿಗೂ ಆಗಲ್ಲ ಅಂದ.”

“ಅವಗ ಹೇಳ್ರಿ, ಬಿದ್ದದ್ದು ಆಕಿ ತಪ್ಪಲ್ಲ, ನನ್ನ ತಪ್ಪು ಅಂತ. ಹಿಮದ ಮಾತು ಆಮ್ಯಾಲ ನೋಡೂಣು.”

“ಅತ್ತೆ, ಪ್ಲೀಸ್. ಸಾಕು ಬಿಡಿ. ಕೈ ಮುರಿದಿದ್ರೆ ಏನ್ ಮಾಡ್ತಿದ್ವಿ? ಕ್ಲಬ್‌ನಲ್ಲೇ ಬೋರ್ಡ್ ಕೊಡ್ತಾರೆ, ಅದ್ರಲ್ಲೇ ಪರೀಕ್ಷೆ ಕೊಡ್ಲಿ.”

ಕ್ಲಬ್ಬಿನ ಬೋರ್ಡು ಗಂಡಸರ ಅಳತೆಯದು, ಅದರಲ್ಲಿ ತನ್ನ ಕಾಲು ಅಂಚನ್ನು ಮುಟ್ಟುವುದೇ ಇಲ್ಲ ಎಂದು ಮಗಳೇ ಹಿಂದೆ ಹೇಳಿದ್ದಳು. ಹಿಂದಿನ ವರ್ಷ ನಪಾಸಾದದ್ದೂ ಅಂಥದರ ಮೇಲೆಯೇ. ಈಗ ಅವಳು ಬೋರ್ಡನ್ನು ಅಳಿಯನ ಕೈಗೆ ಕೊಟ್ಟು ನಡೆದಳು. ಮನೆಗೆ ಬಂದು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಮಲಗಿದಳು. ಊಟಕ್ಕೆ ಕರೆದಾಗ ಒಂದೇ ಮಾತು. “ಅದನ್ನ ಮುಟ್ಟಬ್ಯಾಡವ್ವಾ ಇನ್ನ.”

ಮುಟ್ಟದೆ ಇರುವುದು ನನ್ನಿಂದಾಗುವ ಕೆಲಸವಲ್ಲ. ತಪ್ಪು ಎಲ್ಲಿ ಎಂದು ತಿಳಿಯದೆ ಕೈ ಬಿಟ್ಟರೆ ಆ ತಪ್ಪು ಕೈಯಲ್ಲೇ ಉಳಿಯುತ್ತದೆ. ಮಂಗಳವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬೋರ್ಡನ್ನು ಚಾದರದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಭಾನುವಾರ ಹೋದ ಬಸ್ಸಿನ ನಂಬರು ನೆನಪಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೆ, ನಂಬರು ಗಟ್ಟಿ. ಡ್ರೈವರ್ ನನ್ನನ್ನೂ ಬೋರ್ಡನ್ನೂ ನೋಡಿದ. ನಾನೂ ಅವನನ್ನು ನೋಡಿದೆ. ಬಸ್ಸು ಹೊರಟಿತು.

ಗುಡ್ಡದ ಬುಡದಲ್ಲಿ ಒಂದು ಮರದ ಗುಡಿಸಲು. ಮೇಲಕ್ಕೆ ಎಳೆಯುವ ಹಗ್ಗವನ್ನು ನೋಡಿಕೊಳ್ಳುವ ಮುದುಕ ಅಲ್ಲಿರುತ್ತಿದ್ದ. ಭಾನುವಾರ ಅವನು ಬಾಡಿಗೆ ಬೋರ್ಡುಗಳಿಗೆ ಅರ ಹಾಕುತ್ತಿದ್ದುದನ್ನು ನಾನು ಕಂಡಿದ್ದೆ. ಒಳಗೆ ಹೋಗಿ ಚಾದರ ಬಿಚ್ಚಿ ಬೋರ್ಡನ್ನು ಅವನ ಮೇಜಿನ ಮೇಲಿಟ್ಟೆ. ನನ್ನ ಅರವನ್ನೂ ಪಕ್ಕದಲ್ಲಿಟ್ಟೆ. ಅವನ ಮಾತು ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ. ಒಳ್ಳೆಯದೇ ಆಯಿತು, ಬುದ್ಧಿಮಾತು ಹೇಳುವುದು ತಪ್ಪಿತು.

ಅವನು ಅಂಚಿನ ಮೇಲೆ ಉಗುರು ಎಳೆದ. ಉಗುರಿನ ಮೇಲಿನ ಪುಡಿ ನೋಡಿದ. ನನ್ನ ಕೈ ಹಿಡಿದು ಅಂಗೈಯ ಜಡ್ಡನ್ನು ನೋಡಿ, ಹೌದು ಹೌದೆನ್ನುವಂತೆ “ಯಾ, ಯಾ” ಅಂದ. ಆಮೇಲೆ ತಲೆ ಅಡ್ಡಡ್ಡ ಆಡಿಸಿದ. ಬಾಡಿಗೆಯ ಒಂದು ಬೋರ್ಡನ್ನು ಎಳೆದು ನನ್ನ ಬೆರಳನ್ನು ಅದರ ಅಂಚಿನ ಉದ್ದಕ್ಕೂ ಓಡಿಸಿದ. ನಡುವೆ ಹರಿತ. ಎರಡು ತುದಿಯಲ್ಲಿ, ಹಲಗೆ ಮೇಲಕ್ಕೆ ಬಾಗುವ ಕಡೆ, ಬೇಕೆಂದೇ ಮೊಂಡು ಮಾಡಿತ್ತು.

ನನಗೆ ಸಿಟ್ಟು ಬಂತು. ಮೊಂಡು ಮಾಡುವುದು ಕೆಲಸವೇ? ಅದು ಕೆಲಸಗಳ್ಳರು ಮಾಡುವುದು.

ಅವನು ಇನ್ನೊಂದು ತೋರಿಸಿದ. ಅರದ ಒಂದು ಕೊನೆಗೆ ಕರೆಂಟಿನವರು ಬಳಸುವ ಕಪ್ಪು ಟೇಪನ್ನು ಮೂರು ಸುತ್ತು ಸುತ್ತಿದ. ಆ ಕೊನೆಯನ್ನು ಬೋರ್ಡಿನ ಅಡಿಯ ಮೇಲೆ ಇಟ್ಟು, ಇನ್ನೊಂದು ಕೊನೆ ಉಕ್ಕಿಗೆ ತಾಗುವಂತೆ ತಳ್ಳಿದ. ಟೇಪಿನ ದಪ್ಪಕ್ಕೆ ಅರ ಕೂದಲೆಳೆಯಷ್ಟು ಓರೆಯಾಗಿ, ಉಕ್ಕು ಅಡಿಗಿಂತ ಅಷ್ಟೇ ಅಷ್ಟು ಹಿಂದಕ್ಕೆ ಸರಿಯುತ್ತದೆ. ಆಗ ಹಲಗೆ ಸಮತಟ್ಟಾಗಿ ಜಾರುವಾಗ ಅಂಚು ಹಿಮವನ್ನು ಮುಟ್ಟುವುದಿಲ್ಲ, ಓರೆ ಮಾಡಿದಾಗ ಮಾತ್ರ ಕಚ್ಚುತ್ತದೆ. ಇದನ್ನೆಲ್ಲ ಅವನು ಬಾಯಲ್ಲಿ ಹೇಳಲಿಲ್ಲ. ಅಂಗೈಯನ್ನು ಮೇಜಿನ ಮೇಲೆ ಜಾರಿಸಿ, ಓರೆ ಮಾಡಿ, ಮತ್ತೆ ಜಾರಿಸಿ ತೋರಿಸಿದ. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಆಗ ಗೋಡೆಯ ಮೇಲೆ ತೂಗುಹಾಕಿದ್ದ ಅವನ ಕೈಗರಗಸ ಕಣ್ಣಿಗೆ ಬಿತ್ತು. ಎದ್ದು ಅದನ್ನು ಇಳಿಸಿಕೊಂಡೆ. ಯಾವ ಗರಗಸದಲ್ಲೂ ಹಲ್ಲುಗಳು ಒಂದೇ ಸಾಲಿನಲ್ಲಿ ಇರುವುದಿಲ್ಲ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಸ್ವಲ್ಪ ಬಾಗಿಸಿರುತ್ತೇವೆ. ಬಾಗಿಸದೆ ಬರೀ ಹರಿತ ಮಾಡಿದರೆ ಗರಗಸ ಎರಡು ಬೆರಳು ಇಳಿದು ಮರದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಎಳೆಯುವವನ ಭುಜ ಹೋಗುತ್ತದೆ. ಹೊಸಬರು ಮಾಡುವ ತಪ್ಪು ಅದು. ಮೂವತ್ತು ವರ್ಷ ಹೊಸಬರಿಗೆ ನಾನೇ ಬೈದಿದ್ದೆ, “ಹರಿತ ಇದ್ದರ ಸಾಲದಲೇ, ಓಡಾಕ ಜಾಗ ಕೊಡು” ಅಂತ.

ಆ ಹಲ್ಲುಗಳನ್ನು ಅವನಿಗೆ ತೋರಿಸಿದೆ. ಎಡ, ಬಲ, ಎಡ, ಬಲ. ಆಮೇಲೆ ಟೇಪು ಸುತ್ತಿದ ಅರವನ್ನು ತೋರಿಸಿದೆ. ಮುದುಕ ಮೇಜು ಕುಟ್ಟಿ ನಕ್ಕ. “ಯಾ! ಯಾ!” ಅಂದು ಒಲೆಯ ಮೇಲಿನ ಕೆಟಲ್‌ನಿಂದ ಕಾಫಿ ಬಗ್ಗಿಸಿ, ಏಲಕ್ಕಿ ಹಾಕಿದ ಬನ್ನು ಕೊಟ್ಟು “ಫೀಕಾ” ಅಂದ, ಅವರ ಕಡೆ ಕಾಫಿ-ತಿಂಡಿಯ ಬಿಡುವಿಗೆ ಹಾಗನ್ನುತ್ತಾರಂತೆ. ಕಾಫಿ ಕಷಾಯದಂತಿತ್ತು. ಎರಡು ಲೋಟ ಕುಡಿದೆ. ಬರುವಾಗ ಟೇಪಿನ ಸುರುಳಿಯನ್ನೇ ಕೈಗೆ ಕೊಟ್ಟ.

ನೆಲಮಾಳಿಗೆಗೆ ಬಂದು ಕಾಲಿನ ಪಟ್ಟಿಗಳನ್ನು ಬಿಚ್ಚಿಟ್ಟು ಕುಳಿತೆ. ಅಡಿಯ ಕಡೆಯ ಕೆಲಸ ಸುಲಭ. ಕಪ್ಪು ಬಳಿ, ಟೇಪಿನ ಅರ ತಳ್ಳು, ಕಪ್ಪು ಹೋದ ಕೂಡಲೇ ನಿಲ್ಲಿಸು. ಹೆಚ್ಚು ತೆಗೆದರೆ ವಾಪಸು ಹಾಕಲು ಬರುವುದಿಲ್ಲ. ಆಮೇಲೆ ತುದಿಯ ಸರದಿ. ಎಲ್ಲಿಂದ ಎಲ್ಲಿಗೆ ಎಂದು ತಿಳಿಯಬೇಕಲ್ಲ. ಬೋರ್ಡನ್ನು ನೆಲದ ಮೇಲೆ ಸಮವಾಗಿ ಮಲಗಿಸಿ ಮೂಗಿನ ಕೆಳಗೆ ಒಂದು ಕಾಗದ ತೂರಿಸಿದೆ. ಅದು ತಡೆದು ನಿಂತಲ್ಲಿ ಗುರುತು ಹಾಕಿದೆ. ಬಾಲದಲ್ಲೂ ಹಾಗೆಯೇ. ಆ ಎರಡು ಗುರುತಿನ ಒಳಗಿನದು ನೆಲ ಮುಟ್ಟುವ ಅಂಚು, ಹೊರಗಿನದು ಮುಟ್ಟದ್ದು.

ಗುರುತು ಹಾಕಿದ ಮೇಲೆ ಕೈ ನಿಂತಿತು. ನಾನೇ ಹರಿತ ಮಾಡಿದ್ದು, ನನ್ನ ಕೈಯಿಂದಲೇ ಕೆಡಿಸಬೇಕು. ದೀಪ ಆರಿತು. ಎದ್ದು ಒತ್ತಿದೆ. ಮತ್ತೆ ಆರಿತು. ಅಡ್ಡೆಯ ಮೇಸ್ತ್ರಿ ನೋಡಿದರೆ ಏನಂದಾನು ಎಂದು ಒಂದು ಯೋಚನೆ ಬಂತು. ಮೇಸ್ತ್ರಿ ಹಿಮ ನೋಡಿದವನಲ್ಲ. ಮೂರನೆಯ ಸಲ ದೀಪ ಒತ್ತಿ ಬಂದು, ನುಣುಪು ಕಲ್ಲನ್ನು ಓರೆ ಹಿಡಿದು ಮೂಗಿನ ಅಂಚನ್ನು ಉಜ್ಜಿದೆ. ಉಗುರು ಜಾರುವವರೆಗೂ ಉಜ್ಜಿದೆ. ಗುರುತಿನ ಹತ್ತಿರ ಬರುತ್ತಾ ಒತ್ತಡ ಕಡಿಮೆ ಮಾಡಿದೆ, ಮೊಂಡಿನಿಂದ ಹರಿತಕ್ಕೆ ಮೆಲ್ಲಗೆ ಏರುವಂತೆ. ಬಾಲವನ್ನೂ ಹಾಗೆ ಮಾಡಿದೆ. ಕೊನೆಗೆ, ಅರ ಹಾಕಿದಾಗ ಅಂಚಿನ ಆಚೆ ಬದಿಗೆ ಏಳುವ ತೆಳ್ಳನೆಯ ಮುಳ್ಳನ್ನು ತೆಗೆಯಲು ಕಲ್ಲನ್ನು ಒದ್ದೆ ಮಾಡಿ ಉದ್ದಕ್ಕೂ ಒಂದೇ ಎಳೆತ. ಹಿಂದಿನ ಸಲ ಅವಸರದಲ್ಲಿ ಅದನ್ನೂ ಸರಿಯಾಗಿ ತೆಗೆದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಗಳು ಸೂಟ್‌ಕೇಸು ಹುಡುಕುತ್ತಾ ನೆಲಮಾಳಿಗೆಗೆ ಬಂದಳು. ಬೋರ್ಡು ಜಾಲರಿಗೆ ಒರಗಿತ್ತು.

“ಮುಟ್ಟಬ್ಯಾಡ ಅಂದಿದ್ದೆ.”

“ಅಂದಿದ್ದಿ.”

“ನಾಳೆ ಪರೀಕ್ಷಾಕ್ಕ ಕ್ಲಬ್ಬಿನ ಬೋರ್ಡು ಕೊಡ್ತಾರ. ಹೇಳಿ ಬಂದೀನಿ.”

“ನಿನ್ನ ಕಾಲು, ನಿನ್ನ ಬೆನ್ನು. ನಾ ಬೇಡ್ಕೊಳ್ಳೂದಿಲ್ಲ. ಮೊದಲನೇ ಸಲ ತಪ್ಪ ಮಾಡಿದ್ದೆ. ತುದಿ ಹರಿತ ಮಾಡಿದ್ದೆ, ಓಡಾಕ ಜಾಗ ಕೊಟ್ಟಿದ್ದಿಲ್ಲ. ಈಗ ಕೊಟ್ಟೀನಿ. ಉಗುರ ಹಚ್ಚಿ ನೋಡು.”

ದೀಪ ಆರಿತು. ಗುಂಡಿಯ ಹತ್ತಿರ ಇದ್ದವಳು ಅವಳೇ. ಸ್ವಲ್ಪ ತಡವಾಗಿ ಒತ್ತಿದಳು. ಆಮೇಲೆ ಮಂಡಿಯೂರಿ ಕುಳಿತು ಮೂಗಿನಿಂದ ಬಾಲದವರೆಗೆ ಉಗುರು ಎಳೆದಳು. ಜಾರಿತು, ಹೆರೆಯಿತು, ಹೆರೆಯಿತು, ಜಾರಿತು.

“ಯಾರ ಹೇಳಿಕೊಟ್ರು ನಿನಗ?”

“ಹಗ್ಗದ ಮುದುಕ.”

“ಅಂವಾ ಇಂಗ್ಲಿಷ್ ಸೈತ ಮಾತಾಡೂದಿಲ್ಲ!”

“ನಾನೂ ಮಾತಾಡೂದಿಲ್ಲ.”

ಅವಳು ಅಲ್ಲೇ ಕುಳಿತು ಕಾಲಿನ ಪಟ್ಟಿಗಳನ್ನು ಮತ್ತೆ ಬೋರ್ಡಿಗೆ ಕೂರಿಸಲು ಶುರು ಮಾಡಿದಳು. ಉಳುಕಿದ ಕೈಯಲ್ಲಿ ಸ್ಕ್ರೂ ಬಿಗಿಯಾಗುತ್ತಿರಲಿಲ್ಲ. ನಾನು ಬಿಗಿದೆ.

ಶನಿವಾರ ಬಿಸಿಲಿತ್ತು, ಆದರೂ ಆ ಕಡಿದಾದ ಜಾಗ ಗಾಜಿನಂತೆ ಹೊಳೆಯುತ್ತಿತ್ತು. ಅವಳಿಗಿಂತ ಮೊದಲು ಇಳಿದ ಇಬ್ಬರು ಅಲ್ಲಿ ಜಾರಿ ಹೋದರು. ಅವರು ಅದೇ ಊರಲ್ಲಿ ಹುಟ್ಟಿದವರು, ಹಿಮ ಅವರನ್ನೂ ಕೇಳಲಿಲ್ಲ. ಅಳಿಯ ನನ್ನ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದರು. “ಅತ್ತೆ, ನೀವು ನೋಡ್ತಿದ್ದೀರಾ?” ಅಂದರು. “ನಾನು ನೋಡಲ್ಲ, ನೀವು ಹೇಳಿ.”

ನೋಡಿದೆ. ಮೊದಲ ತಿರುವು ಸಲೀಸಾಗಿ ಬಂತು. ಎರಡನೆಯದು. ಕಡಿದಾದ ಜಾಗಕ್ಕೆ ಬಂದು ಹಿಮ್ಮಡಿಯ ಮೇಲೆ ಭಾರ ಹಾಕಿದಳು. ಅಂಚು ಹಿಡಿಯಿತು. ಕೀರ್ ಎನ್ನುವ ಸದ್ದು. ಗರಗಸ ಸರಿಯಾಗಿ ಓಡುವಾಗ ಬರುವ ಸದ್ದೂ ಅದೇ. ಅಡ್ಡೆಯಲ್ಲಿ ನಾನು ಬೆನ್ನು ತಿರುಗಿಸಿ ಕುಳಿತಿದ್ದರೂ ಅದನ್ನು ಕೇಳಿಯೇ ಹೇಳುತ್ತಿದ್ದೆ. ಕಾಲ್ಬೆರಳಿನ ಕಡೆಗೆ ತಿರುಗಿದಳು, ಮತ್ತೆ ಹಿಮ್ಮಡಿಗೆ ತಿರುಗಿದಳು, ಕೆಳಗೆ ಬಂದು ನಿಂತಳು.

“ಕಣ್ಣ ತಗೀರಿ ಅಳ್ಯಾರ. ಇಳದಾಳ.”

ಮಂಜುಗಡ್ಡೆಯ ಮೇಲೆ ಅವಳು ಬಂದ ದಾರಿ ಕಾಣುತ್ತಿತ್ತು. ಕೊಯ್ಯುವ ಮೊದಲು ಮರದ ದಿಮ್ಮಿಗೆ ಬಣ್ಣದ ನೂಲು ಹೊಡೆದಂಥ ಒಂದೇ ಗೆರೆ. ಒಂದು ಕಡೆ ಕೂದಲಿನಷ್ಟು ಚೆದುರಿತ್ತು. ಅಂಚಿನಲ್ಲಿ ಎಲ್ಲೋ ಒಂದು ಮುಳ್ಳು ಉಳಿದಿರಬೇಕು.

ಕೆಂಪು ಕೋಟಿನವನು ಕಾಗದದ ಮೇಲೆ ಸಹಿ ಹಾಕಿ ಮಗಳಿಗೆ ಕೊಟ್ಟ. ಬುಧವಾರದ ಎಂಟು ಹೆಂಗಸರ ಪಟ್ಟಿಯನ್ನೂ ಕೊಟ್ಟ. ಹಿಮದ ಮೇಲೆ ನಿಲ್ಲುವುದು ಯಾವ ವಯಸ್ಸಿನಿಂದ ಬರಬೇಕು ಎಂಬ ಮಾತನ್ನು ಎತ್ತಲಿಲ್ಲ. ಬೋರ್ಡನ್ನು ಎತ್ತಿ ನೋಡಿದ, ಉಗುರು ಎಳೆದ, ಏನೋ ಕೇಳಿದ. ಮಗಳು ನನ್ನ ಕಡೆ ಕೈ ತೋರಿಸಿದಳು. ಅವನು ನನ್ನನ್ನು, ಕೋಟಿನ ಕೆಳಗೆ ಒದ್ದೆಯಾಗಿದ್ದ ನನ್ನ ಸೀರೆಯನ್ನು ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ದೂರದಲ್ಲಿ ಹಗ್ಗದ ಮುದುಕ ಗುಡಿಸಲ ಬಾಗಿಲಲ್ಲಿ ನಿಂತು ಅಂಗೈ ಜಾರಿಸಿ ಓರೆ ಮಾಡಿ ತೋರಿಸುತ್ತಿದ್ದ.

ಕೆಂಪು ಕೋಟಿನವನು ಇನ್ನೂ ಒಂದು ಮಾತು ಹೇಳಿದ.

“ಏನಂತಾನ?”

“ಕೆಲಸ ಛಲೋ ಆಗೇತಿ ಅಂತಾನವ್ವಾ. ಆದ್ರ ಇದರಾಗ ಉಕ್ಕ ಉಳದಿಲ್ಲ, ಬೋರ್ಡ ಮುಗದಂಗ ಅಂತಾನ.”

ನಾನು ಬೋರ್ಡನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಅಂಚು ಒರೆಸಿದೆ. ಒದ್ದೆ ಬಿಟ್ಟರೆ ಬೆಳಗಾಗುವುದರಲ್ಲಿ ತುಕ್ಕು ಹಿಡಿಯುತ್ತದೆ. ಒರೆಸುತ್ತಾ ಉಳಿದ ಉಕ್ಕನ್ನು ಉಗುರಿನಿಂದ ಅಳೆದೆ.

“ಇನ್ನ ಎರಡ ಚಳಿಗಾಲ ಐತಿ ಅಂತ ಹೇಳು. ಮುಗದಾಗ ನಾನ ಹೇಳ್ತೀನಿ.”